ಎಲ್ಲರ ಮುಖವೂ ಕಾಣಬೇಕು

ಮೊಮ್ಮಗಳು ಫೋನು ಹಿಡಿದುಕೊಂಡು ಬಂದು, "ತಾತ, ನಾನು ಬೀದರ್‌ನಲ್ಲಿದೀನಿ ನೋಡು" ಅಂದಳು. ಅವಳ ಶಾಲೆಯವರು ರಾಜ್ಯೋತ್ಸವಕ್ಕೆ ಮಕ್ಕಳನ್ನೆಲ್ಲ ಮೈದಾನದಲ್ಲಿ ಕರ್ನಾಟಕದ ನಕ್ಷೆಯ ಆಕಾರಕ್ಕೆ ನಿಲ್ಲಿಸಿ, ಡ್ರೋನ್ ಹಾರಿಸಿ ಫೋಟೊ ತೆಗೆಸಿದ್ದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು 2023ಕ್ಕೆ ಐವತ್ತು ವರ್ಷ ತುಂಬಿತಲ್ಲ, ಆಗ ಹಿಡಿದ ಈ ನಕ್ಷೆಯ ಹುಚ್ಚು ನಮ್ಮ ಕಡೆಯ ಶಾಲೆಗಳನ್ನು ಇನ್ನೂ ಬಿಟ್ಟಿಲ್ಲ. ಮೇಲರ್ಧ ಹಳದಿ ಟೋಪಿ, ಕೆಳಗರ್ಧ ಕೆಂಪು ಟೋಪಿ. ಫೋಟೊ ಚೆನ್ನಾಗಿಯೇ ಬಂದಿತ್ತು. ಕಾರವಾರದ ಹತ್ತಿರ ಸಾಲು ಉಬ್ಬಿ ಒಂದಷ್ಟು ಹುಡುಗರು ಗೋವಾಕ್ಕೆ ನುಗ್ಗಿದ್ದರು, ಅಷ್ಟೆ.

ಕನ್ನಡಕ ಹಾಕಿಕೊಂಡು, "ಎಲ್ಲಮ್ಮ ನೀನು?" ಎಂದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ ತೋರಿಸಿದಳು. "ಇದು. ಈ ಹಳದಿ ಚುಕ್ಕಿ. ಅಲ್ಲಲ್ಲ, ಇದು." ಅದಕ್ಕೂ ಪಕ್ಕದ ಚುಕ್ಕಿಗೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅವಳಿಗೆ ಅದರ ಬೇಜಾರೇನೂ ಇದ್ದಂತೆ ಕಾಣಲಿಲ್ಲ. "ನಂಗೆ ಬೀದರ್ ಸಿಕ್ತು, ನನ್ ಫ್ರೆಂಡ್‌ಗೆ ಬರೀ ತುಮಕೂರು" ಎಂದು ಕುಣಿದುಕೊಂಡು ಹೋದಳು. ನಾವಿರುವುದೇ ತುಮಕೂರು ಜಿಲ್ಲೆಯಲ್ಲಿ.

ನಮ್ಮ ಯಜಮಾನರಿದ್ದಿದ್ದರೆ ಆ ಫೋನನ್ನು ಅತ್ತ ಸರಿಸಿ, "ಮುಖ ಎಲ್ಲಮ್ಮಾ?" ಎಂದು ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ಅಂಚೆ ಇಲಾಖೆಯ ಕೆಲಸ ಸಿಗುವವರೆಗೆ, ನಾನು ತಿಪಟೂರಿನ ಒಂದು ಸ್ಟುಡಿಯೊದಲ್ಲಿ ಹುಡುಗನಾಗಿದ್ದೆ. ಅಂಗಡಿ ಗುಡಿಸುವುದು, ಡಾರ್ಕ್ ರೂಮಿನ ತೊಟ್ಟಿಗೆ ನೀರು ಹೊತ್ತು ತುಂಬುವುದು, ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರಿಗೆ ಸ್ಟುಡಿಯೊದ ಕೋಟು ತೊಡಿಸಿ ಹಿಂದಿನಿಂದ ಪಿನ್ನು ಹಾಕುವುದು ಇವೆಲ್ಲ ಮುಗಿದ ಮೇಲೆ ಯಜಮಾನರ ಕೈಕೆಳಗೆ ಕೆಲಸ ಕಲಿಯುವುದು. ಯಜಮಾನರು ಎಂದರೆ ಸ್ಟುಡಿಯೊದ ಮಾಲೀಕರು. ಪಂಚೆ, ಅದರ ಮೇಲೆ ಅರ್ಧ ತೋಳಿನ ಬಿಳಿ ಅಂಗಿ, ಡೆವಲಪರ್‌ಗೆ ಕಂದಿಹೋದ ಬೆರಳುಗಳು. ಮದುವೆ, ನಾಮಕರಣ, ಕೊಬ್ಬರಿ ಮಂಡಿಯವರ ಆಯುಧಪೂಜೆ ಎಲ್ಲ ಇದ್ದರೂ ಅವರ ಮನಸ್ಸಿದ್ದದ್ದು ಶಾಲೆಯ ಗ್ರೂಪ್ ಫೋಟೊದಲ್ಲಿ. ಅದಕ್ಕೆ ಅವರದೇ ಲೆಕ್ಕ: "ಮುಖ ಕಂಡ್ರೆ ಕಾಪಿ, ಕಾಣ್ದಿದ್ರೆ ಖಾಲಿ ಕಣ್ಲಾ." ಗುಂಪಿನಲ್ಲಿ ಒಬ್ಬ ಹುಡುಗನ ಮುಖ ಮುಂದಿನವನ ತಲೆಗೆ ಮರೆಯಾದರೆ ಅವರಪ್ಪ ಪ್ರತಿ ಕೊಳ್ಳುವುದಿಲ್ಲ. ಮದುವೆಯಲ್ಲಿ ಗಂಡು ಹೆಣ್ಣಿನ ಮುಖ ಬಂದರೆ ಸಾಕು, ಮಿಕ್ಕವರದು ಹೇಗಾದರೂ ಇರಲಿ. ಶಾಲೆಯಲ್ಲಿ ಹಾಗಲ್ಲ, ಮುನ್ನೂರು ಜನ ನಿಂತರೆ ಮುನ್ನೂರು ಗಂಡು ಹೆಣ್ಣು.

ಗ್ರೂಪ್ ಫೋಟೊ ಎಂದರೆ ಒಳಗಿನ ಮರದ ಕ್ಯಾಮೆರಾ ಹೊರಗೆ ಬರುತ್ತಿತ್ತು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ. ಸಾಗುವಾನಿ ಮರ, ಹಿತ್ತಾಳೆ ಕೀಲು, ಕರಿಯ ಚರ್ಮದ ಮಡಿಕೆಯ ಬೆಲ್ಲೋಸ್. ನಲವತ್ತರ ದಶಕದಲ್ಲಿ ಶುರುವಾಗಿ ದಕ್ಷಿಣದ ಎಷ್ಟೋ ಸ್ಟುಡಿಯೊಗಳಿಗೆ ಹೋದ ಕ್ಯಾಮೆರಾ ಅದು. ನಾನು ಸೇರುವ ಹೊತ್ತಿಗೆ ಹೊರಗಿನ ಕೆಲಸಕ್ಕೆಲ್ಲ ಯಾಶಿಕಾ, 120 ರೋಲು, ಒಂದು ರೋಲಿಗೆ ಹನ್ನೆರಡು ಫೋಟೊ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮು, ಸಿಕ್ಕಾಗ ಪೂರ್ವ ಜರ್ಮನಿಯ ಓರ್ವೊ. ಆದರೆ ಮುನ್ನೂರು ಮುಖವನ್ನು ಎರಡೂಕಾಲು ಇಂಚಿನ ಚೌಕದೊಳಗೆ ತುರುಕಿದರೆ ಕಣ್ಣು ಮೂಗು ಒಂದಾಗಿಬಿಡುತ್ತವೆ. ಫುಲ್ ಪ್ಲೇಟ್ ಎಂದರೆ ಎಂಟೂವರೆ ಇಂಚು ಅಗಲ, ಆರೂವರೆ ಇಂಚು ಎತ್ತರ. ಸಾಲಿಗೆ ನಲವತ್ತು ಮಕ್ಕಳನ್ನು ನಿಲ್ಲಿಸಿದರೂ ಒಂದು ಮುಖಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಜಾಗ ಸಿಗುತ್ತದೆ. ಅಷ್ಟಿದ್ದರೆ ತಾಯಿ ಮಗುವನ್ನು ಗುರುತು ಹಿಡಿಯುತ್ತಾಳೆ ಎಂಬುದು ಯಜಮಾನರ ಅನುಭವ.

ನನಗೆ ಚೆನ್ನಾಗಿ ನೆನಪಿರುವುದು 1979ರ ಮಕ್ಕಳ ದಿನಾಚರಣೆಯ ಫೋಟೊ. ಅದು ವಿಶ್ವಸಂಸ್ಥೆ ಸಾರಿದ್ದ ಅಂತರರಾಷ್ಟ್ರೀಯ ಮಕ್ಕಳ ವರ್ಷ. ತಾಲ್ಲೂಕಿನ ಒಂದು ಹೋಬಳಿ ಊರಿನ ಶಾಲೆಯ ಹೆಡ್ ಮೇಷ್ಟ್ರಿಗೆ ನವೆಂಬರ್ 14ರಂದು ಶಾಲೆಯ ಎಲ್ಲ ಮಕ್ಕಳೂ ಒಂದೇ ಫೋಟೊದಲ್ಲಿ ಇರಬೇಕು ಎಂಬ ಆಸೆ. ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ, ಸ್ಲೈಡುಗಳ ಪೆಟ್ಟಿಗೆ ಹೊತ್ತುಕೊಂಡು ಬೆಳಗಿನ ಮೊದಲ ಬಸ್ಸಿನಲ್ಲಿ ಹೋದೆವು.

ಹೋದ ಕೂಡಲೇ ಜಗಳ. ಶಾಲೆ ಪೂರ್ವಕ್ಕೆ ಮುಖ ಮಾಡಿತ್ತು. ಮುಂದುಗಡೆ ಹೊಸದಾಗಿ ಬರೆಸಿದ ಬೋರ್ಡು, ಬಾವುಟದ ಕಂಬ, ಮಾವಿನ ತೋರಣ. ಫೋಟೊ ಅಲ್ಲೇ ಆಗಬೇಕು ಎಂದು ಹೆಡ್ ಮೇಷ್ಟ್ರು. ಯಜಮಾನರು ಅವರನ್ನು ಬೋರ್ಡಿನ ಕೆಳಗೆ ನಿಲ್ಲಿಸಿ, "ಸ್ವಾಮಿ, ಸ್ವಲ್ಪ ನನ್ನ ಕಡೆ ನೋಡಿ" ಎಂದರು. ಎದುರಿಗೆ ಬೆಳಗಿನ ಸೂರ್ಯ. ಮೇಷ್ಟ್ರ ಕಣ್ಣು ಕಿರಿದಾಗಿ, ಹಣೆಯಲ್ಲಿ ಗೆರೆ ಮೂಡಿ, ನೀರು ಬಂತು. "ತಮಗೇ ಹಿಂಗಾದ್ರೆ ಮಕ್ಕಳ ಗತಿ?" ಪಕ್ಕದ ತೆಂಗಿನ ತೋಪಿನ ನೆರಳು ಆಗಬಹುದಲ್ಲ ಎಂದು ಒಬ್ಬ ಮೇಷ್ಟ್ರು ಸೂಚಿಸಿದರು. ನಮ್ಮ ಸೀಮೆಯಲ್ಲಿ ತೆಂಗಿಗೆ ಬರವಿಲ್ಲ, ಆದರೆ ಫೋಟೊದವನಿಗೆ ಅದರಷ್ಟು ಕೆಟ್ಟ ನೆರಳು ಇನ್ನೊಂದಿಲ್ಲ. ಗರಿಯ ಸಂದಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಇಳಿದು ಅರ್ಧ ಕೆನ್ನೆ ಬಿಳಿ, ಅರ್ಧ ಕೆನ್ನೆ ಕಪ್ಪು ಮಾಡಿಬಿಡುತ್ತದೆ. ಹುಣಸೆ, ಹೊಂಗೆಯಾದರೆ ಪರವಾಗಿಲ್ಲ.

ಕಡೆಗೆ ಯಜಮಾನರು ಆರಿಸಿಕೊಂಡದ್ದು ಶಾಲೆಯ ಹಿಂಭಾಗವನ್ನು. ಬೆಳಿಗ್ಗೆ ಕಟ್ಟಡದ ನೆರಳು ಪಶ್ಚಿಮಕ್ಕೆ ಅಗಲವಾಗಿ ಬೀಳುತ್ತದೆ, ಮೇಲೆ ಆಕಾಶದ ತಣ್ಣನೆ ಬೆಳಕು. ಅಲ್ಲಿದ್ದದ್ದು ಕೇರ್ ಉಪ್ಪಿಟ್ಟಿನ ಒಲೆ. ಅಮೆರಿಕದ ಕೇರ್ ಸಂಸ್ಥೆ ಕಳಿಸುತ್ತಿದ್ದ ಗೋಧಿ ನುಚ್ಚನ್ನು ಬೇಯಿಸಿ ಮಕ್ಕಳಿಗೆ ಹಾಕುತ್ತಿದ್ದ ಕಾಲ, ನಮ್ಮ ವಯಸ್ಸಿನವರಿಗೆ ಅದರ ವಾಸನೆ ಈಗಲೂ ಮೂಗಿನಲ್ಲಿದೆ. ವರ್ಷಗಟ್ಟಲೆ ಹೊಗೆ ಕುಡಿದು ಗೋಡೆ ಕಪ್ಪಾಗಿತ್ತು. ಹೆಡ್ ಮೇಷ್ಟ್ರು ನಾಚಿಕೆಯಿಂದ, "ಇಲ್ಲಿ ಬೇಡಿ, ಗಲೀಜು" ಅಂದರು. "ಇದಕ್ಕಿಂತ ಒಳ್ಳೆ ಪರದೆ ಬೆಂಗಳೂರಲ್ಲೂ ಸಿಗಲ್ಲ ಸ್ವಾಮಿ" ಎಂದರು ಯಜಮಾನರು. ಕಪ್ಪು ಗೋಡೆಯ ಮುಂದೆ ಬಿಳಿ ಅಂಗಿಗಳು ಕೆತ್ತಿ ಇಟ್ಟ ಹಾಗೆ ಎದ್ದು ಕಾಣುತ್ತವೆ ಎಂಬುದು ಫೋಟೊ ಬಂದ ಮೇಲೆ ಗೊತ್ತಾಯಿತು.

ಮುನ್ನೂರು ಮಕ್ಕಳನ್ನು ನೇರ ಸಾಲಿನಲ್ಲಿ ನಿಲ್ಲಿಸುವಂತಿಲ್ಲ. ನಡುವೆ ನಿಂತವರಿಗಿಂತ ತುದಿಯಲ್ಲಿ ನಿಂತವರು ಕ್ಯಾಮೆರಾದಿಂದ ದೂರವಾಗಿ, ಅವರ ಮುಖ ಮಸುಕಾಗುತ್ತದೆ. ಅದಕ್ಕೆ ಸಾಲು ಬಾಗಬೇಕು, ತುದಿಗಳು ಮುಂದಕ್ಕೆ ಬರಬೇಕು. ಯಜಮಾನರು ಸ್ಟ್ಯಾಂಡಿನ ಬುಡಕ್ಕೆ ಸೇದುವ ಹಗ್ಗ ಕಟ್ಟಿಸಿ, ಅದರ ತುದಿಯನ್ನು ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟು, ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಕಮಾನು ಬರೆಸಿದರು. ಪಿ.ಟಿ. ಮೇಷ್ಟ್ರಿಗೆ ಬಲು ಖುಷಿ. ಜ್ಯಾಮಿತಿ ಮೇಷ್ಟ್ರು ಪಕ್ಕದಲ್ಲೇ ನಿಂತು, "ಇದು ತ್ರಿಜ್ಯ, ಇದು ಕಂಸ" ಎಂದು ಹತ್ತನೇ ಕ್ಲಾಸಿನವರಿಗೆ ಪಾಠವನ್ನೂ ಶುರು ಮಾಡಿದರು. ಸುಣ್ಣದ ಗೆರೆಯ ಮೇಲೆ ಜಮಖಾನ, ಅದರ ಹಿಂದೆ ಮಂಡಿಯೂರುವ ಸಾಲು, ಅದರ ಹಿಂದೆ ಕುರ್ಚಿ, ಆಮೇಲೆ ನಿಲ್ಲುವವರು, ಬೆಂಚು, ಡೆಸ್ಕು, ಕೊನೆಗೆ ಡೆಸ್ಕಿನ ಮೇಲೆ ಬೆಂಚು. ಮೇಲಿನ ಸಾಲಿನ ಬೆಂಚುಗಳನ್ನು ಹಿಂದಿನಿಂದ ಜವಾನ ಮತ್ತು ಇಬ್ಬರು ದೊಡ್ಡ ಹುಡುಗರು ಹಿಡಿದುಕೊಂಡು ಕೂತಿದ್ದರು. ಶಾಲೆಯ ಎಲ್ಲರೂ ಇರುವ ಆ ಫೋಟೊದಲ್ಲಿ ಇಲ್ಲದವರು ಆ ಮೂವರೇ.

ಯಾರು ಎಲ್ಲಿ ನಿಲ್ಲಬೇಕು ಎನ್ನುವುದನ್ನು ಯಜಮಾನರು ಎತ್ತರ ನೋಡಿ ತೀರ್ಮಾನಿಸುತ್ತಿದ್ದರು. ಮಕ್ಕಳು ತಾವಾಗಿಯೇ ನಿಂತರೆ ಕೇರಿ ಕೇರಿಯಾಗಿ ನಿಲ್ಲುತ್ತಿದ್ದರು. ಹಾಸ್ಟೆಲ್ ಹುಡುಗರು ಯಾರೂ ಹೇಳದೆಯೇ ಹೋಗಿ ಎಡಗಡೆ ತುದಿಯಲ್ಲಿ ಗುಂಪು ಕೂಡಿದ್ದರು. ಯಜಮಾನರು ಭುಜ ಹಿಡಿದು, "ನೀ ಇಲ್ಲಿ ಬಾ, ನೀ ಅಲ್ಲಿ ಹೋಗು" ಎಂದು ಇಸ್ಪೀಟಿನೆಲೆ ಕಲಸಿದಂತೆ ಕಲಸಿಬಿಟ್ಟರು. ತುಂಬ ವರ್ಷ ನಾನು ಇದನ್ನು ಅವರ ದೊಡ್ಡ ಗುಣವೆಂದು ಹೇಳಿಕೊಂಡು ಬಂದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ. ಎತ್ತರ ನೋಡಿದ ಮೇಲೆ ಅವರು ಇನ್ನೊಂದು ಸುತ್ತು ಬಂದು ಅಂಗಿ ನೋಡುತ್ತಿದ್ದರು. ಗುಂಡಿ ಕಿತ್ತ ಅಂಗಿ, ಹೆಗಲು ಹರಿದ ಜಾಕೀಟು ಕಂಡರೆ ಆ ಮಗುವನ್ನು ಒಂದು ಸಾಲು ಹಿಂದೆ ಕಳಿಸುವುದು, ಮುಂದಿನವರ ಭುಜಕ್ಕೆ ಮರೆಯಾಗಿ ಮುಖ ಮಾತ್ರ ಕಾಣುವ ಹಾಗೆ. ಫೋಟೊ ಚೆನ್ನಾಗಿ ಬರಲಿ ಎಂದೇ ಮಾಡುತ್ತಿದ್ದರು, ಮಗುವಿನ ಮಾನ ಉಳಿಯಲಿ ಎಂದೂ ಇರಬಹುದು. ಆದರೆ ಹಿಂದೆ ಹೋಗುವ ಮಗುವಿಗೆ ಕಾರಣ ಗೊತ್ತಾಗುತ್ತಿತ್ತು. ಹಾಸ್ಟೆಲ್ ಹುಡುಗರಲ್ಲಿ ಹೆಚ್ಚಿನವರು ಎರಡನೇ ಸುತ್ತಿನಲ್ಲಿ ಮತ್ತೆ ಹಿಂದಕ್ಕೇ ಹೋದರು. ಕಾಲಿಗೆ ಚಪ್ಪಲಿಯಿಲ್ಲದ್ದು ಮಾತ್ರ ಯಾರಿಗೂ ತೊಂದರೆಯಾಗಲಿಲ್ಲ. ಗ್ರೂಪ್ ಫೋಟೊದಲ್ಲಿ ಪಾದ ಕಂಡರೆ, ಮುಂದೆ ಕೂತ ಮಕ್ಕಳ ಸಂದಿನಲ್ಲಿ, ಕುರ್ಚಿಯವರದು ಮಾತ್ರ. ಕನ್ನಡ ಪಂಡಿತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಸ್ಟುಡಿಯೊದಿಂದ ಬೂಟು ತಂದಿದ್ದೀಯೇನಪ್ಪಾ ಎಂದು ಮೆಲ್ಲಗೆ ಕೇಳಿದರು. ತಂದಿದ್ದೆ.

ಎಲ್ಲರೂ ನಿಂತಾಯಿತು, ನಟ್ಟನಡುವಿನ ಕುರ್ಚಿ ಖಾಲಿ. ಶಾಲಾ ಸಮಿತಿಯ ಅಧ್ಯಕ್ಷರು ಬಂದಿಲ್ಲ. ಕಟ್ಟಡದ ನೆರಳಿನ ಅಂಚು ಜಮಖಾನದ ಕಡೆಗೆ ಒಂದೊಂದೇ ಅಂಗುಲ ಸರಿಯುತ್ತಿದೆ. ಒಲೆಯ ಮೇಲೆ ಉಪ್ಪಿಟ್ಟು ಹದಕ್ಕೆ ಬಂದು, ಒಗ್ಗರಣೆಯ ವಾಸನೆ ಬರುತ್ತಿದ್ದ ಹಾಗೆ ಅಷ್ಟೂ ತಲೆ ಬಲಕ್ಕೆ ತಿರುಗಿದವು. ಯಜಮಾನರು ಮುಚ್ಚಳ ಮುಚ್ಚಿಸಿದರು. ಅಧ್ಯಕ್ಷರು ಸ್ಕೂಟರಿನಲ್ಲಿ ಬಂದು, ಯಾರಿಗೂ ಏನೂ ಹೇಳದೆ ಕುರ್ಚಿಯಲ್ಲಿ ಕೂತರು. ತಂಪು ಕನ್ನಡಕ ತೆಗೆಯಲಿಲ್ಲ. "ಸ್ವಾಮಿ, ಕನ್ನಡಕ..." ಎಂದು ಯಜಮಾನರು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಬಿಲ್ಲು ಪಾಸಾಗಬೇಕಾದದ್ದು ಅವರ ಸಹಿಯಿಂದ.

ಫೋಕಸ್ ಮಾಡುವಾಗ ಯಜಮಾನರು ಒಮ್ಮೊಮ್ಮೆ ನನ್ನನ್ನೂ ಕರಿ ಬಟ್ಟೆಯೊಳಗೆ ಕರೆಯುತ್ತಿದ್ದರು. ಅಂದೂ ಕರೆದರು. ಉಜ್ಜಿದ ಗಾಜಿನ ಮೇಲೆ ಇಡೀ ಶಾಲೆ ತಲೆಕೆಳಗಾಗಿ, ಎಡ ಬಲವಾಗಿ, ಬಣ್ಣ ಬಣ್ಣವಾಗಿ ನೇತಾಡುತ್ತಿತ್ತು. ಬರುವ ಫೋಟೊ ಕಪ್ಪು ಬಿಳುಪು. ಆ ಬಣ್ಣ ನೋಡುವವರು ಕ್ಯಾಮೆರಾದ ಹಿಂದಿನವರು ಮಾತ್ರ, ಅದೂ ಕೆಲವು ನಿಮಿಷ. ಒಬ್ಬಳ ಹಸಿರು ಲಂಗ, ಯಾರದೋ ಜಡೆಯ ಕನಕಾಂಬರ, ಸೇವಾದಳದವರ ಬಿಳಿ ಟೋಪಿಯ ಸಾಲು. ಗಾಜಿಗೆ ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಮುಖ ನೋಡಬೇಕು. ಅಡಗಿದ ಮುಖ ಕಂಡರೆ ಕೂಗಿ ಹೇಳಬೇಕು. ಎಲ್ಲ ತಲೆಕೆಳಗಾದ್ದರಿಂದ ಅವರನ್ನು ಕರೆಯುವುದೇ ಕಷ್ಟ. "ಐದನೇ ಸಾಲು, ಎಡಗಡೆ... ಅಲ್ಲ, ನಿಮ್ಮ ಬಲಗಡೆ... ಕಿವಿಗೆ ಕಡ್ಡಿ ಹಾಕ್ಕೊಂಡಿರೋ ಹುಡುಗಿ, ಒಸಿ ಈ ಕಡೆ ಬಾ ತಾಯಿ!" ಮುನ್ನೂರು ಮುಖವನ್ನು ಒಬ್ಬ ಮನುಷ್ಯ ಹೀಗೆ ಒಂದೊಂದಾಗಿ ನೋಡುವುದು ದುಡ್ಡಿಗಾಗಿಯೇ ಇರಬಹುದು. ಆ ಮಕ್ಕಳಲ್ಲಿ ಎಷ್ಟೋ ಜನರನ್ನು ಅಷ್ಟು ಗಮನವಿಟ್ಟು ಹೊರಗಿನವರು ಯಾರೂ ಅದುವರೆಗೆ ನೋಡಿರಲಾರರು ಎಂದೂ ನನಗನ್ನಿಸುತ್ತದೆ.

ಆಮೇಲೆ ಎಫ್ 32ಕ್ಕೆ ಇಳಿಸುವುದು, ಆಗಲೇ ಜಮಖಾನದಿಂದ ಕೊನೆಯ ಬೆಂಚಿನವರೆಗೆ ಎಲ್ಲರೂ ಚುರುಕಾಗಿ ಬರುವುದು. ರಂಧ್ರ ಸಣ್ಣದಾದಷ್ಟೂ ಹೊತ್ತು ಜಾಸ್ತಿ ಬೇಕು, ಸುಮಾರು ಅರ್ಧ ಸೆಕೆಂಡು. ಸ್ಲೈಡು ಹಾಕಿ, ಲೆನ್ಸಿನ ಮುಚ್ಚಳಕ್ಕೆ ಕೈ ಇಟ್ಟು, "ಉಸಿರು ಹಿಡ್ಕೊಳ್ಳಿ, ಗುಬ್ಬಿ ಹಾರುತ್ತೆ, ನೋಡ್ತಾ ಇರಿ" ಎನ್ನುವರು. ಮುಚ್ಚಳ ತೆಗೆದು ಗಾಳಿಯಲ್ಲಿ ಒಂದು ಅರೆಸುತ್ತು ತಿರುಗಿಸಿ ಮತ್ತೆ ಮುಚ್ಚುವರು. ಸ್ಲೈಡು ತಿರುಗಿಸಿ ಇನ್ನೊಂದು. ಫಿಲ್ಮು ದುಬಾರಿ. ಎರಡಕ್ಕೆ ಮುಗಿಯಬೇಕು.

ಮೊನ್ನೆ ಓದಿದೆ. ಗುಂಪಿನಲ್ಲಿ ಯಾರೂ ಕಣ್ಣು ಮುಚ್ಚದ ಒಂದು ಫೋಟೊ ಬೇಕಾದರೆ ಎಷ್ಟು ಸಲ ತೆಗೆಯಬೇಕು ಎಂದು ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಪಡೆದರಂತೆ. ನಗಿಸುವ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿದ್ದರೆ, ತಲೆಗಳ ಸಂಖ್ಯೆಯನ್ನು ಮೂರರಿಂದ ಭಾಗಿಸಿ ಬಂದಷ್ಟು ಸಲ. ಐವತ್ತು ಜನ ದಾಟಿದರೆ ಆಸೆ ಬಿಡುವುದೇ ಒಳ್ಳೆಯದು. ನಮ್ಮಲ್ಲಿ ಮುನ್ನೂರು ಮಕ್ಕಳು, ಎರಡು ಫಿಲ್ಮು.

ಕಣ್ಣು ಮುಚ್ಚಿದವರಿಗೆ ಯಜಮಾನರು ಬೇರೆ ಉಪಾಯ ಇಟ್ಟುಕೊಂಡಿದ್ದರು. ಮಕ್ಕಳಿಗೆ ಮಾರುವ ಪ್ರತಿಗಳು ಫಿಲ್ಮಿನಷ್ಟೇ ದೊಡ್ಡವು, ನಮ್ಮಲ್ಲೇ ಅಗ್ಫಾ ಪೇಪರಿನ ಮೇಲೆ ಒತ್ತಿ ಮಾಡುತ್ತಿದ್ದೆವು. ಶಾಲೆಯ ಗೋಡೆಗೆ ಬೇಕಾದ ದೊಡ್ಡ ಪ್ರತಿಯನ್ನು ಬೆಂಗಳೂರಿನಲ್ಲಿ ಹಿಗ್ಗಿಸಿ ತರಿಸುವುದು. ಅದು ಬಂದ ಮೇಲೆ ಮಧ್ಯಾಹ್ನದ ಹೊತ್ತು, ಬಾಗಿಲ ಬಳಿಯ ಬೆಳಕಿನಲ್ಲಿ, ಮೇಜಿನ ಮೇಲೆ ಹರಡಿ, ಸೊನ್ನೆ ನಂಬರಿನ ಬ್ರಷ್ಷಿನ ಕೂದಲನ್ನು ಬ್ಲೇಡಿನಲ್ಲಿ ಸವರಿ ಮೂರೋ ನಾಲ್ಕೋ ಉಳಿಸಿಕೊಂಡು, ಕಣ್ಣು ಬಿಡಿಸಬೇಕು. ಬ್ರಷ್ಷಿನ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ, ಕಪ್ಪು ಬಣ್ಣ ಅದ್ದಿ, ಅರ್ಧ ಬಣ್ಣವನ್ನು ಹೆಬ್ಬೆರಳ ಉಗುರಿನ ಮೇಲೆ ಒರೆಸಿ, ಮುಚ್ಚಿದ ರೆಪ್ಪೆಯ ಮೇಲೆ ಒಂದು ಚುಕ್ಕಿ, ಪಕ್ಕದ ರೆಪ್ಪೆಯ ಮೇಲೆ ಇನ್ನೊಂದು. ಉಸಿರು ಬಿಟ್ಟರೆ ಕೈ ಅಲುಗುತ್ತದೆ. ಚುಕ್ಕಿ ಒಂದು ಕೂದಲೆಳೆ ಹೊರಗೆ ಹೋದರೆ ಹುಡುಗ ಮಾಲುಗಣ್ಣನಾಗುತ್ತಾನೆ. ಯಜಮಾನರ ಕಣ್ಣು ಮಂಜಾಗುತ್ತಿದ್ದುದರಿಂದ ಆ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಶಿಲ್ಪಿ ಕಡೆಯಲ್ಲಿ ವಿಗ್ರಹದ ಕಣ್ಣು ತೆರೆಸುವುದನ್ನು ನಮ್ಮೂರ ದೇವಸ್ಥಾನದಲ್ಲಿ ನೋಡಿದ್ದೆ, ಅಷ್ಟೇ ಜಂಬದಿಂದ ಕೂತು ಬರೆದೆ. ಮಿಕ್ಕ ಯಾರ ಕಣ್ಣು ಹೇಗಿದ್ದರೂ ಅಧ್ಯಕ್ಷರದೊಂದು ಚಿಂತೆಯಿರಲಿಲ್ಲ, ತಂಪು ಕನ್ನಡಕವಿತ್ತು.

ತಿದ್ದುವ ಕೆಲಸದಲ್ಲೂ ಅಂತಸ್ತಿತ್ತು. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಕುರ್ಚಿ ಸಾಲಿಗೆ ಮಾತ್ರ ಈ ಸೇವೆ. ಸಿಡುಬಿನ ಕಲೆ ಹೋಗುವುದು, ಕಣ್ಣಡಿಯ ಕಪ್ಪು ಹೋಗುವುದು, ಮೈಬಣ್ಣವೂ ಒಂದು ಸುತ್ತು ತಿಳಿಯಾಗುವುದು. ಹೆಣ್ಣು ತೋರಿಸುವ ಫೋಟೊಗಳಿಗೆ ಇದನ್ನು ಎಷ್ಟು ಮಾಡುತ್ತಿದ್ದೆವೆಂದರೆ, ಗಂಡಿನ ಕಡೆಯವರು ಮನೆಗೆ ಬಂದು ನೋಡಿ ಹಿಂದಿರುಗಿದ ಕಥೆಗಳು ಸ್ಟುಡಿಯೊಕ್ಕೆ ವಾಪಸ್ಸು ಬರುತ್ತಿದ್ದವು. ಯಜಮಾನರು ಅದನ್ನು ತಮಾಷೆಯಾಗಿ ಹೇಳುತ್ತಿದ್ದರು, ನಾವೂ ನಗುತ್ತಿದ್ದೆವು. ಆ ಹೆಣ್ಣುಮಕ್ಕಳ ಮನೆಯಲ್ಲಿ ಆ ಸಂಜೆ ಹೇಗಿತ್ತೆಂದು ಸ್ಟುಡಿಯೊದಲ್ಲಿ ಯಾರೂ ಕೇಳಿದವರಲ್ಲ. ಇನ್ನು ಹೆಸರು. ರಟ್ಟಿನ ಮೇಲೆ ಇಂಡಿಯನ್ ಇಂಕಿನಲ್ಲಿ "ಕುಳಿತವರು, ಎಡದಿಂದ ಬಲಕ್ಕೆ" ಎಂದು ಬರೆಸಿದ್ದು ಕುರ್ಚಿಯವರ ಹೆಸರನ್ನು ಮಾತ್ರ. ಮಕ್ಕಳ ವರ್ಷದ ಫೋಟೊದಲ್ಲಿ ಮಕ್ಕಳ ಹೆಸರು ಒಂದೂ ಇಲ್ಲ.

ಒಂದು ಪ್ರತಿಗೆ ಎಂಟು ರೂಪಾಯಿ. ಕಾಯಿ ಸುಲಿಯಲು, ಕಳೆ ಕೀಳಲು ಹೋಗುವ ತಾಯಂದಿರ ಒಂದು ದಿನದ ಕೂಲಿ ಅಷ್ಟಾಗುತ್ತಿರಲಿಲ್ಲ. ಯಜಮಾನರು ಎಣಿಸಿದ್ದ ಮುನ್ನೂರರಲ್ಲಿ ಕೊಂಡವರು ಕಾಲುಭಾಗವೂ ಇರಲಿಲ್ಲ. ಅವರು ಸೋಲೊಪ್ಪುವ ಜನವಲ್ಲ. ಒಂದು ಪ್ರತಿಯನ್ನು ಸ್ಟುಡಿಯೊದ ಮುಂದಿನ ಶೋಕೇಸಿನಲ್ಲಿ ತೂಗುಹಾಕಿದರು. ಸಂತೆಗೆ, ಆಸ್ಪತ್ರೆಗೆ, ಸಿನಿಮಾಕ್ಕೆ ಬಂದ ಆ ಊರಿನ ಮಕ್ಕಳು ಬಂದು ಬಂದು ಅದರೊಳಗೆ ತಮ್ಮನ್ನು ಹುಡುಕುತ್ತಿದ್ದರು. ಬೆಳಿಗ್ಗೆ ಗಾಜು ಒರೆಸುವುದು ನನ್ನ ಕೆಲಸ. ಮಿಕ್ಕ ಗಾಜೆಲ್ಲ ಧೂಳು, ಫೋಟೊ ಇದ್ದ ಕಡೆ ಮಾತ್ರ ಬೆರಳಿನ ಗುರುತು, ಮೂಗು ಒತ್ತಿದ ಗುರುತು, ಬಾಯಿಯ ಆವಿ ಒಣಗಿದ ಗುರುತು.

ಒಂದು ಹುಡುಗಿ ಒಳಗೇ ಬಂದಳು. ಮೇಲಿನ ಸಾಲಿನವಳು, ಹೊರಗಿನಿಂದ ಅವಳಿಗೆ ಎಟುಕುತ್ತಿರಲಿಲ್ಲ. "ಅಣ್ಣ, ತಗೊಳಾಕಲ್ಲ, ಬರೇ ನೋಡ್ತೀನಿ" ಎಂದು ನನಗೆ ಹೇಳಿದ್ದು ಯಜಮಾನರ ಕಿವಿಗೆ ಬಿತ್ತು. ಅವರೇ ಎದ್ದು ಶೋಕೇಸಿನಿಂದ ಫೋಟೊ ತೆಗೆದು, ಕೌಂಟರಿನ ಮೇಲಿಟ್ಟು, ಭೂತಗನ್ನಡಿಯನ್ನೂ ಕೊಟ್ಟರು. ಅವಳು ಬಹಳ ಹೊತ್ತು ನೋಡಿದಳು. ತನ್ನದನ್ನು ನೋಡಿ ಮುಗಿಸಿ ತಮ್ಮನದು, ಗೆಳತಿಯರದು, ಮೇಷ್ಟ್ರ ಬೂಟು, ಎಲ್ಲವನ್ನೂ ನೋಡಿದಳು. "ಆಯ್ತೇನವ್ವಾ?" ಎಂದು ಕೇಳಿ ಯಜಮಾನರು ಫೋಟೊ ತಿರುಗಿ ಒಳಗೆ ತೂಗುಹಾಕಿ, "ದುಡ್ಡು ಒದಗಿದಾಗ ಬಾ, ನೆಗೆಟಿವ್ ಎಲ್ಲೂ ಹೋಗಲ್ಲ" ಎಂದರು. ಸುಮ್ಮನೆ ಒಂದು ಪ್ರತಿ ಕೊಟ್ಟುಬಿಡಬಾರದಿತ್ತೇ ಎಂದು ಆಗ ನನಗೆ ಕೋಪ ಬಂದಿತ್ತು. ಒಬ್ಬರಿಗೆ ಕೊಟ್ಟರೆ ಇನ್ನೂರು ಜನಕ್ಕೆ ಕೊಡಬೇಕು, ಪೇಪರಿನ ಸಾಲ ಅವರ ಹೆಸರಿನಲ್ಲಿತ್ತು ಎಂಬುದು ಈಗ ತಿಳಿಯುತ್ತದೆ. ತಿಳಿದರೂ ಕೋಪ ಪೂರ್ತಿ ಹೋಗಿಲ್ಲ.

ನೆಗೆಟಿವ್ ಹೋಯಿತು. ಯಜಮಾನರು ತೀರಿಕೊಂಡ ಮೇಲೆ ಅವರ ಮಗ ಸ್ಟುಡಿಯೊವನ್ನು ಕಲರ್ ಲ್ಯಾಬ್ ಮಾಡಿ, ಆಮೇಲೆ ಜೆರಾಕ್ಸ್ ಅಂಗಡಿ ಮಾಡಿದ. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯಿರುತ್ತದೆ. ಬಳಸಿದ ಹೈಪೊ ನೀರಿನಿಂದಲೂ ಬೆಳ್ಳಿ ತೆಗೆಯುವವರು ಆಗ ಊರೂರು ತಿರುಗುತ್ತಿದ್ದರು. ಪೆಟ್ಟಿಗೆಗಟ್ಟಲೆ ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟನಂತೆ. ಊಟಿಯ ಫಿಲ್ಮು ಕಾರ್ಖಾನೆಯೂ ಈಗ ಮುಚ್ಚಿದೆ.

ಡ್ರೋನಿನ ನಕ್ಷೆಯನ್ನು ನೋಡಿ ಕಾಲ ಕೆಟ್ಟಿತು ಎನ್ನಲು ಹೊರಟವನು ನಾನೇ, ಆದರೆ ಅದೂ ಹೊಸದೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆರ್ಥರ್ ಮೋಲ್ ಎಂಬ ಫೋಟೊಗ್ರಾಫರ್ ಎತ್ತರದ ಅಟ್ಟಣೆ ಹತ್ತಿ, ಸೈನಿಕರನ್ನು ಸಾವಿರಗಟ್ಟಲೆ ನಿಲ್ಲಿಸಿ ಚಿತ್ರ ಮಾಡುತ್ತಿದ್ದ. 1918ರಲ್ಲಿ ಅಯೋವಾದ ಕ್ಯಾಂಪ್ ಡಾಡ್ಜ್‌ನಲ್ಲಿ 18,000 ಜನರನ್ನು ನಿಲ್ಲಿಸಿ ಲಿಬರ್ಟಿ ಪ್ರತಿಮೆ ಮಾಡಿದ. ಅಟ್ಟಣೆಯಿಂದ ಓರೆಯಾಗಿ ನೋಡುವಾಗ ದೂರದ ಭಾಗ ಕುಗ್ಗುತ್ತದೆಂದು, ಕೈಯ ಪಂಜಿನ ಉರಿಯೊಂದಕ್ಕೇ ಅದರಲ್ಲಿ ಸುಮಾರು 12,000 ಜನ ಬೇಕಾದರಂತೆ. ಅವನ ಕ್ಯಾಮೆರಾ ನಮ್ಮದಕ್ಕಿಂತ ದೊಡ್ಡದು, ಹನ್ನೊಂದು ಹದಿನಾಲ್ಕು ಇಂಚಿನದು. ಡ್ರೋನಿಗೆ ಓರೆ ನೋಟದ ತಾಪತ್ರಯವಿಲ್ಲ, ನೆತ್ತಿಯ ಮೇಲೆಯೇ ನಿಲ್ಲುತ್ತದೆ. ನನ್ನ ತಕರಾರು ಯಂತ್ರದ ಮೇಲಲ್ಲ. ಮಕ್ಕಳನ್ನು ಬಿಸಿಲಿನಲ್ಲಿ ಅಷ್ಟು ಹೊತ್ತು ನಿಲ್ಲಿಸಿದ ಮೇಲೆ ಒಂದು ನಿಮಿಷ ಅದನ್ನು ಕೆಳಗಿಳಿಸಿ, ಅವರ ಮುಖದ ಮುಂದೆಯೂ ಹಿಡಿಯಬಹುದಲ್ಲ. ಹರಿದ ಅಂಗಿಯ ಮಗುವನ್ನು ಹಿಂದೆ ಕಳಿಸುವ ಕಷ್ಟ ಈಗ ಇಲ್ಲ, ಸಮವಸ್ತ್ರವಿದೆ, ಟೋಪಿಯಿದೆ. ನಕ್ಷೆಯಲ್ಲಿ ಎಲ್ಲರೂ ಸಮ. ಆ ಸಮಾನತೆಗಿಂತ ನಮ್ಮ ಯಜಮಾನರ ಪಕ್ಷಪಾತದ ಫೋಟೊವೇ ನನಗೆ ಹೆಚ್ಚು ಬೇಕೆನಿಸುತ್ತದೆ, ಅದರ ಲೋಪವೆಲ್ಲ ಗೊತ್ತಿದ್ದೂ.

ಯಾಕೆಂದರೆ ಅದರಲ್ಲಿ ಇವತ್ತಿಗೂ ಜಗಳವಾಡಬಹುದು. ಆ ಶಾಲೆಯ ಹಳೇ ವಿದ್ಯಾರ್ಥಿಗಳದೊಂದು ವಾಟ್ಸಾಪ್ ಗುಂಪಿದೆ. ಯಾರೋ ಹೆಡ್ ಮೇಷ್ಟ್ರ ಕೊಠಡಿಯಲ್ಲಿ ಉಳಿದಿದ್ದ ದೊಡ್ಡ ಪ್ರತಿಯನ್ನು ಗಾಜಿನ ಸಮೇತ ಫೋನಿನಲ್ಲಿ ಹೊಡೆದು ಹಾಕಿದ್ದಾರೆ. ಟ್ಯೂಬ್‌ಲೈಟಿನ ಹೊಳಪು ಬಿದ್ದು ನಾಲ್ಕನೇ ಸಾಲಿನ ಒಂದಷ್ಟು ಮಕ್ಕಳು ಅಳಿಸಿಹೋಗಿದ್ದಾರೆ. ಉಳಿದವರನ್ನು ಗುರುತಿಸುವ ಕೆಲಸ ನಡೆದೇ ಇದೆ. ಫೋಟೊದ ದಿನ ನಾನಲ್ಲಿದ್ದೆನೆಂದು ಗೊತ್ತಾಗಿ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಯಾರು ಯಾರನ್ನು ಮದುವೆಯಾದರು, ಯಾರು ಇಲ್ಲ, ಯಾರ ಜಮೀನು ಯಾರಿಗೆ ಹೋಯಿತು ಎಂಬುದೆಲ್ಲ ಆ ಎರಡೂವರೆ ಮಿಲಿಮೀಟರಿನ ಮುಖಗಳಿಂದ ಹೊರಡುತ್ತದೆ.

ಎರಡನೇ ಸಾಲಿನಲ್ಲಿ, ಅಧ್ಯಕ್ಷರ ಮೊಣಕಾಲಿನ ಮುಂದೆ ಮಂಡಿಯೂರಿದ ಒಬ್ಬ ಹುಡುಗನಿದ್ದಾನೆ. ಅವನು ತಾನೇ ಎಂದು ಇಬ್ಬರು ಹಿಡಿದ ಪಟ್ಟು ಬಿಡುತ್ತಿಲ್ಲ. ಒಬ್ಬರು ಲಾರಿ ಇಟ್ಟಿದ್ದಾರೆ, ಇನ್ನೊಬ್ಬರು ಪೀಣ್ಯದಲ್ಲಿ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಲಾರಿಯವರು ನನಗೆ ಫೋನು ಮಾಡಿ, "ನೀವೇ ಹೇಳಿ ಸಾರ್" ಎಂದರು. ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಎರಡು ಫಿಲ್ಮಿನಲ್ಲೂ ಅವನು ಕಣ್ಣು ಮುಚ್ಚಿದ್ದ. ಆ ಕಣ್ಣು ಬರೆದವನು ನಾನು. ಲಾರಿಯವರಿಗೆ ಹಾಗೆಯೇ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಇನ್ಯಾರ್ದೋ ಬರ್ದಿರ್ತೀರಿ ಸಾರ್. ಇದು ನಮ್ಮವ್ವನ ಕಣ್ಣು. ಬೇಕಾದ್ರೆ ನಮ್ಮ ಮನೇಲಿ ಯಾರನ್ನಾದ್ರೂ ಕೇಳಿ" ಅಂದರು. ಪೀಣ್ಯದವರು ಅಷ್ಟು ಹೊತ್ತಿಗೆ ಆ ಮುಖವೊಂದನ್ನೇ ಕತ್ತರಿಸಿ, ಹಿಗ್ಗಿಸಿ, ಫ್ರೇಮು ಹಾಕಿಸಿ ಗುಂಪಿಗೆ ಕಳಿಸಿಯಾಗಿತ್ತು.